ಎಲೆಯ ಹಳದಿ ಫೋಟೋದಲ್ಲೂ ಹಳದಿಯಾಗಿ ಬರಲಿ



ತಳಿ, ಡೆಂಕಣಿಕೋಟೆ ಕಡೆ ಗುಲಾಬಿ, ದಪ್ಪಮೆಣಸಿನಕಾಯಿ ಬೆಳೆಯುವ ನಾವು ಗಿಡಕ್ಕೆ ರೋಗ ಬಂದರೆ ಈಗ ಎಲೆ ಕಿತ್ತುಕೊಂಡು ಬಸ್ಸು ಹತ್ತುವುದು ಕಡಿಮೆ. ಮೊಬೈಲಿನಲ್ಲಿ ಫೋಟೋ ತೆಗೆದು ತಿಳಿದವರಿಗೆ ಕಳುಹಿಸುತ್ತೇವೆ. ಒಮ್ಮೆ ಹಸಿರು ಶೇಡ್‌ನೆಟ್ಟಿನ ಕೆಳಗೆ ನಿಂತು ಹಾಗೆಯೇ ಕಳುಹಿಸಿದೆವು. ಹಳದಿಗೆ ತಿರುಗಿದ್ದ ಎಲೆ ಚಿತ್ರದಲ್ಲಿ ಹಸಿರಾಗಿ ಕಂಡು, ಗಿಡ ಚೆನ್ನಾಗಿದೆ ಎಂಬ ಉತ್ತರ ಬಂತು. ಹತ್ತು ದಿನ ಸುಮ್ಮನೆ ಕಳೆದವು.

ಬಣ್ಣ ತಪ್ಪಿದರೆ ಗೊಬ್ಬರವೂ ತಪ್ಪುತ್ತದೆ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣದ ಅಂಶ ಕಡಿಮೆಯಾದರೆ ಮೇಲಿನ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಈ ಭೇದವೇ ಚಿತ್ರದಲ್ಲಿ ಕಾಣದಿದ್ದರೆ ನೋಡುವವರು ಏನು ಹೇಳಿಯಾರು?

ಬೆಳಕಿಗೂ ಬಣ್ಣವಿದೆ. ಅದನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ: ಹಳೆಯ ಬುರುಡೆ ಬಲ್ಬಿನ ಹಳದಿ ಬೆಳಕು ಸುಮಾರು 2,800, ನಡುಹಗಲ ಬಿಸಿಲು ಸುಮಾರು 5,500. ನಮ್ಮ ಕಣ್ಣು ತಾನಾಗಿ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಊಹಿಸುತ್ತದೆ. ಸುತ್ತೆಲ್ಲ ಹಸಿರೇ ಇದ್ದರೆ ಊಹೆ ಕೆಡುತ್ತದೆ. ಆದ್ದರಿಂದ ಯಾವುದು ಬಿಳಿ ಎಂದು ನಾವೇ ಅದಕ್ಕೆ ತೋರಿಸಬೇಕು. ಇದಕ್ಕೆ ಕಸ್ಟಮ್ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ.

ಗಿಡದ ಪಕ್ಕದಲ್ಲೇ, ಎಲೆಗೆ ಬೀಳುವ ಬೆಳಕಿನಲ್ಲೇ ಒಂದು ಬಿಳಿ ಕಾಗದ ಹಿಡಿಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. (ನೀಲಿ ಹಾಕಿ ಒಗೆದ ಪಂಚೆ ಬೇಡ, ಅದು ಬಿಳಿಯಲ್ಲ.) ಚೌಕಟ್ಟು ತುಂಬ ಕಾಗದವೇ ಬರುವಂತೆ ಫೋಟೋ ತೆಗೆದು, ಕ್ಯಾಮೆರಾದ ಮೆನುವಿನಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್‌ಗೆ ಆ ಚಿತ್ರವನ್ನು ಆರಿಸಿ. ಕೆಲವು ಕ್ಯಾಮೆರಾಗಳಲ್ಲಿ ಇದರ ಹೆಸರು ಪ್ರೀಸೆಟ್. ಆಮೇಲೆ ಎಲೆಯ ಫೋಟೋ ತೆಗೆಯಿರಿ. ಜಾಗ ಬದಲಾದರೆ, ಮೋಡ ಮುಸುಕಿದರೆ ಮತ್ತೆ ಕಾಗದ ತೋರಿಸಬೇಕು.

ಹಲವು ಮೊಬೈಲುಗಳ ಪ್ರೊ ಮೋಡ್‌ನಲ್ಲಿ ಕೆಲ್ವಿನ್ ಪಟ್ಟಿ ಮಾತ್ರ ಇರುತ್ತದೆ. ಅದು ಹಳದಿ–ನೀಲಿಯನ್ನು ಸರಿಮಾಡುತ್ತದೆ, ನೆಟ್ಟಿನ ಹಸಿರನ್ನು ತೆಗೆಯುವುದಿಲ್ಲ. ಅಂಥವರು ರೋಗದ ಎಲೆಯನ್ನು ಕಿತ್ತು ನೆಟ್ಟಿನಿಂದ ಹೊರಗೆ ತಂದು, ಬಿಳಿ ಕಾಗದದ ಮೇಲಿಟ್ಟು ಫೋಟೋ ತೆಗೆಯುವುದೇ ಮೇಲು. ಕಾಗದ ಬಿಳಿಯಾಗಿ ಕಂಡರೆ ಎಲೆಯ ಬಣ್ಣವನ್ನೂ ನಂಬಬಹುದೆಂದು ನೋಡುವವರಿಗೆ ತಿಳಿಯುತ್ತದೆ. ಎಲೆ ಗಿಡದ ಮೇಲಿನದೋ ಕೆಳಗಿನದೋ ಎಂದೂ ಬರೆಯಿರಿ.

ತಾಯಂದಿರಿಗೆ ಒಂದು ಮಾತು. ಹಸುಗೂಸಿನ ಮೈ ಹಳದಿಯಾಗಿದೆಯೇ ಎಂದು ಫೋಟೋ ಕಳುಹಿಸಿ ಕೇಳುತ್ತಾ ಕೂರಬೇಡಿ. ಹಳದಿ ಬಲ್ಬಿನ ಕೆಳಗೆ ಎಲ್ಲ ಮಕ್ಕಳೂ ಹಳದಿಯೇ, ಕಾಮಾಲೆಯಾದ ಮಗುವೂ ಕೆಲವೊಮ್ಮೆ ಚಿತ್ರದಲ್ಲಿ ಸರಿಯಾಗಿಯೇ ಕಾಣುತ್ತದೆ. ಅನುಮಾನ ಬಂದರೆ ಆ ದಿನವೇ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ.

ಕೆಲಸ ಮುಗಿದ ಮೇಲೆ ಕ್ಯಾಮೆರಾವನ್ನು ಮತ್ತೆ ಆಟೋಗೆ ತಿರುಗಿಸಲು ಮರೆಯಬೇಡಿ. ನಾವು ಮರೆತು, ಒಂದು ಮದುವೆಯ ಫೋಟೋಗಳಲ್ಲಿ ಎಲ್ಲರ ಮುಖವೂ ಕೆಂಪುಕೆಂಪಾಗಿ ಬಂದಿದ್ದವು.