ಒಂಬತ್ತು ಚರೆಯ ಲೆಕ್ಕ

ಕಲಘಟಗಿ ಕಡೆ ಗೋವಿನಜೋಳದ ತೆನೆಗೆ ಹಾಲು ತುಂಬಿತೆಂದರೆ ರೈತನ ರಾತ್ರಿಯೆಲ್ಲ ಹೊಲದಲ್ಲೇ. ಹಂದಿ ಹಿಂಡು ತಿನ್ನುವುದಕ್ಕಿಂತ ತುಳಿದು ಕೆಡವುವುದೇ ಹೆಚ್ಚು. ಬೆಳೆ ರಕ್ಷಣೆ, ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದ ಹನ್ನೆರಡು ಬೋರಿನ ಬಂದೂಕಿನ ಬಗ್ಗೆ ಕಟ್ಟೆಯ ಮೇಲೆ ಒಂದು ಮಾತು ಓಡಾಡುತ್ತದೆ: “ಗುರಿ ಹಿಡಿಯೂದ ಬ್ಯಾಡ, ಹೊಡದ್ರ ಸಾಕು, ಒಂದರ ಬಡಿತೈತಿ.” ಈ ನಂಬಿಕೆ ತಪ್ಪು, ಜೀವಕ್ಕೇ ಕುತ್ತು ತರುವಂಥ ತಪ್ಪು.

ನಳಿಕೆಗೆ ಸರಿಯಾಗಿ ಕೂರುವ ಸೀಸದ ಗುಂಡು ಎರಕ ಹೊಯ್ದರೆ ಒಂದು ಪೌಂಡಿಗೆ ಹನ್ನೆರಡು ಆಗುತ್ತವೆ. ಹನ್ನೆರಡು ಬೋರ್ ಎಂಬ ಹೆಸರು ಬಂದದ್ದು ಹಾಗೆ. ತೋಟಾದ ತಳದಲ್ಲಿ ಹಿತ್ತಾಳೆಯ ಟೊಪ್ಪಿಗೆ, ನಡುವೆ ಕೇಪು, ಮೇಲೆ ಮದ್ದು, ಮದ್ದಿನ ಮೇಲೊಂದು ಮೆತ್ತನೆಯ ಬಿರಡೆ, ಅದರ ಮೇಲೆ ಚರೆ. 32 ಗ್ರಾಂ ಚರೆ ತುಂಬಿದ ತೋಟಾದಲ್ಲಿ ಆರನೇ ನಂಬರಿನದಾದರೆ ಸುಮಾರು 300 ಹಿಡಿಯುತ್ತವೆ, ಒಂದೊಂದೂ ಎಳ್ಳಿಗಿಂತ ತುಸು ದಪ್ಪ. ಎಸ್‌ಜಿ ಎಂಬ ದೊಡ್ಡ ಚರೆಯಾದರೆ ಒಂಬತ್ತೇ, ಕಡಲೆಕಾಳಿನಷ್ಟು ದಪ್ಪ.

ನಳಿಕೆ ಬಿಟ್ಟ ಕ್ಷಣದಲ್ಲಿ ಚರೆಗಳೆಲ್ಲ ಒಂದೇ ಮುದ್ದೆ. ಗಾಳಿ ನಡುವೆ ನುಗ್ಗಿದಂತೆ ಅವು ಬಿಡಿಬಿಡಿಯಾಗುತ್ತವೆ. ನಳಿಕೆಯ ಗೋಡೆಗೆ ಉಜ್ಜಿ ಚಪ್ಪಟೆಯಾದವು ಪಕ್ಕಕ್ಕೆ ಸಿಡಿಯುತ್ತವೆ. ಬಾಯಿ ಬಿಗಿ ಮಾಡದ ಸಾದಾ ನಳಿಕೆಯಲ್ಲಿ ಈ ಹರವು ಮೀಟರಿಗೆ ಎರಡೂವರೆ, ಮೂರು ಸೆಂಟಿಮೀಟರ್. ಪಡಸಾಲೆಯಿಂದ ಹಿತ್ತಲ ಬಾಗಿಲಿಗೆ ಐದು ಮೀಟರ್ ಇದ್ದರೆ ಅಷ್ಟೂ ಚರೆ ಒಂದು ಗೇಣಿಗಿಂತ ಕಡಿಮೆ ಜಾಗದಲ್ಲಿ ಹೋಗಿ ಬೀಳುತ್ತವೆ. ಮನೆಯೊಳಗೆ ಗುರಿ ಬೇಡ ಎನ್ನುವವರು ಆ ಗೇಣನ್ನೊಮ್ಮೆ ಗೋಡೆಯ ಮೇಲೆ ಅಳೆದು ನೋಡಲಿ. ತಪ್ಪಿದರೆ ಅಷ್ಟೂ ತಪ್ಪಿದಂತೆ, ಪಕ್ಕದಲ್ಲಿ ಮನೆಯವರಿದ್ದರೆ ಅಷ್ಟೂ ಅವರಿಗೇ. ಆತ್ಮರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಬಲ ಬಳಸುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ. ಬಂದೂಕಿನ ಲೈಸೆನ್ಸು ಬೇಟೆಯ ಪರವಾನಗಿಯೂ ಅಲ್ಲ. ನವಲಗುಂದ, ಅಣ್ಣಿಗೇರಿಯ ಕಡಲೆ ಹೊಲಕ್ಕೆ ಬರುವ ಚಿಗರಿಗೆ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ರಕ್ಷಣೆಯಿದೆ.

ದೂರದ ಲೆಕ್ಕವೇ ಬೇರೆ. ಚರೆಯ ದಪ್ಪ ಅರ್ಧವಾದರೆ ಗಾಳಿಗೆ ಒಡ್ಡುವ ಮೈ ಕಾಲುಭಾಗವಾಗುತ್ತದೆ, ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಸಣ್ಣ ಚರೆ ಬೇಗ ಸೋಲುತ್ತದೆ. ಫ್ರಾನ್ಸಿನ ಸೇನಾಧಿಕಾರಿ ಜೂರ್ನೆ ಕೊಟ್ಟ ಸೂತ್ರದಂತೆ ಆರನೇ ನಂಬರು ಹೆಚ್ಚೆಂದರೆ ಸುಮಾರು 200 ಮೀಟರ್ ಹೋದರೆ ಎಸ್‌ಜಿ 600 ಮೀಟರನ್ನೂ ದಾಟುತ್ತದೆ. ಸಾದಾ ನಳಿಕೆಯಲ್ಲಿ 36 ಮೀಟರ್ ದೂರದ 76 ಸೆಂಟಿಮೀಟರ್ ವೃತ್ತದೊಳಗೆ ಬೀಳುವುದು ನೂರಕ್ಕೆ ಸುಮಾರು 40 ಪಾಲು. ನಳಿಕೆಯ ಬಾಯಿಯನ್ನು ಒಂದು ಮಿಲಿಮೀಟರಿನಷ್ಟು ಬಿಗಿ ಮಾಡಿದರೆ 70. ಒಂದೇ ತೋಟಾ ಹಾಕಿದರೂ ಬಂದೂಕಿನಿಂದ ಬಂದೂಕಿಗೆ ಇದು ಬದಲಾಗುತ್ತದೆ.

ಎಸ್‌ಜಿಗೆ ಸಾದಾ ನಳಿಕೆಯ ಆ 40ರ ಪಾಲನ್ನೇ ಹಿಡಿದರೂ ಒಂಬತ್ತರಲ್ಲಿ ನಾಲ್ಕು ವೃತ್ತದೊಳಗೆ, ಐದು ಹೊರಗೆ. ಕಲಘಟಗಿಯಲ್ಲಾದರೆ ಗುಡ್ಡವೋ ಮರವೋ ಅವನ್ನು ತಡೆದೀತು. ನವಲಗುಂದದ ಎರಿ ಹೊಲದಲ್ಲಿ ಕಣ್ಣು ಹಾಯುವವರೆಗೂ ಒಂದು ದಿಬ್ಬವಿಲ್ಲ. ಸಪ್ಪಳ ಕೇಳಿದತ್ತ ಹೊಡೆದ ತೋಟಾದ ಆ ಐದು ಚರೆ ಬದು ದಾಟಿ ಹೋಗುವ ಕತ್ತಲಲ್ಲಿ ಇನ್ನೊಬ್ಬ ರೈತ ಕಂಬಳಿ ಹೊದ್ದು ಹೊಲ ಕಾಯುತ್ತಿರುತ್ತಾನೆ.