ಭೂಮಿಗೊಂದು ಬಳೆ

ಯಳಂದೂರಿನ ನಮ್ಮ ಮನೆಯಲ್ಲಿ ಒಂದು ಸಂಜೆ ಶನಿಗ್ರಹದ ಚಿತ್ರವನ್ನು ನೋಡಿ, ಓದುಬರಹ ಅರಿಯದ ನನ್ನ ಅವ್ವ ಕೇಳಿದಳು: “ಭೂಮಿಗೂ ಇಂಥ ಬಳೆ ತೊಡ್ಸುದ್ರ ಬಿದ್ದೋಗಲ್ವಾ ಮಗ?” ಬಿ.ಎ. ತರಗತಿಯಲ್ಲಿರುವ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ತಿಳಿದುದನ್ನು ವಾಚಕರಲ್ಲಿ ಅರಿಕೆಮಾಡುತ್ತೇನೆ.

ಇಡಿಯಾದ ಬಳೆ ನಿಲ್ಲದು. ಅದು ಕೊಂಚ ಸರಿದರೂ, ಸಮೀಪಕ್ಕೆ ಬಂದ ಭಾಗವನ್ನು ಗ್ರಹವು ಮತ್ತಷ್ಟು ಬಲವಾಗಿ ಸೆಳೆಯುತ್ತದೆ. ಕಡೆಗೆ ಬಳೆ ಗ್ರಹಕ್ಕೆ ಬಡಿಯುತ್ತದೆ. ಆದ್ದರಿಂದ ಶನಿಯ ಬಳೆ ಅಸಂಖ್ಯ ಬಿಡಿ ತುಣುಕುಗಳದಾಗಿರಲೇಬೇಕೆಂದು ಮ್ಯಾಕ್ಸ್‌ವೆಲ್ 1859ರಲ್ಲಿ ತೋರಿಸಿದನು. ಪ್ರತಿಯೊಂದು ತುಣುಕೂ ಪುಟ್ಟ ಚಂದ್ರನಂತೆ ತನ್ನ ಪಥದಲ್ಲಿ ಸುತ್ತುವುದರಿಂದ ಬೀಳದು.

ಮನುಷ್ಯನು ಇದನ್ನು ಮಾಡಿಯೂ ನೋಡಿದ್ದಾನೆ. ರೇಡಿಯೋ ಅಲೆಗಳನ್ನು ಪ್ರತಿಫಲಿಸಲೆಂದು ಅಮೆರಿಕವು 1963ರಲ್ಲಿ ಕೂದಲಿಗಿಂತ ತೆಳುವಾದ ಕೋಟಿಗಟ್ಟಲೆ ತಾಮ್ರದ ಸೂಜಿಗಳನ್ನು ಸುಮಾರು 3,600 ಕಿ.ಮೀ. ಎತ್ತರದಲ್ಲಿ ಚೆಲ್ಲಿತು. ಬಿಡಿಯಾದವು ಬಿಸಿಲಿನ ಒತ್ತಡದಿಂದ ಕೆಲವೇ ವರ್ಷಗಳಲ್ಲಿ ಕೆಳಗಿಳಿದವು; ಗಂಟುಕಟ್ಟಿದ ಕೆಲವು ಇಂದಿಗೂ ಸುತ್ತುತ್ತಿವೆ. ಅದಕ್ಕೂ ಕೆಳಗೆ, ಉಪಗ್ರಹಗಳು ದಟ್ಟವಾಗಿರುವ ಪಥಗಳಲ್ಲಿ, ವೇಗ ಸೆಕೆಂಡಿಗೆ 7-8 ಕಿ.ಮೀ. ಅಲ್ಲಿ ಒಂದು ಮೊಳೆಯೂ ಉಪಗ್ರಹವನ್ನು ಕೆಡಿಸಬಲ್ಲದು; ಡಿಕ್ಕಿಯ ಚೂರುಗಳು ಮತ್ತೊಂದಕ್ಕೆ ಬಡಿಯಬಲ್ಲವು. 2022ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಸ್ರೋ ಕೇಂದ್ರವೊಂದು ಇಂಥವುಗಳ ಮೇಲೆ ಕಣ್ಣಿಟ್ಟಿದೆ.

“ಇಡೀ ಬಳೆ ಬಿದ್ದೀತು, ಚೂರಿನ ಬಳೆ ಬೀಳದು. ಬೀಳದಿರುವುದೇ ಭಯ” ಎಂದೆ. ಅವ್ವ ಅಂದಳು: “ಬಳೆಚೂರ ಗುಡಿಸೋಗಂಟ ಮಕ್ಕಳ ಅಂಗಳಕ್ಕೆ ಬುಡಬಾರ್ದು ಕನ ಮಗ.”