ಗುಡ್ಡದ ಮರಗಳಿಗೊಂದು ಗಣಿತದ ಜಾತಕ

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ ಹೊರಟವರಿಗೆ ಹಾದಿಯ ಉದ್ದಕ್ಕೂ ಕಾಣುವುದು ಒಂದರ ಮೇಲೊಂದು ಪೇರಿಸಿಟ್ಟಂತಹ ಹೆಬ್ಬಂಡೆಗಳು, ಅವುಗಳ ಸಂದಿನಲ್ಲಿ ಮುಳ್ಳುಕಂಟಿ, ಅಲ್ಲಲ್ಲಿ ಒಂದೊಂದು ಮರ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬಯಲಿನಿಂದ ಎದ್ದಿರುವ ಗುಡ್ಡಗಳೂ ಒಣಗುಡ್ಡಗಳೇ. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಬದುಕುವ ಇಲ್ಲಿಯ ಮರಗಳು, ಭೂಮಿ ಇನ್ನೂ ಎರಡು ಮೂರು ಡಿಗ್ರಿ ಬಿಸಿಯಾದರೆ ಏನಾದಾವು? ಈಗ ನೆಟ್ಟ ಸಸಿ ಬಲಿತ ಮರವಾಗುವ ಹೊತ್ತಿಗೆ ಈ ಶತಮಾನ ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ ಯಾವ ಸಸಿಯನ್ನು ಎಲ್ಲಿ ನೆಡಬೇಕೆಂದು ನಿರ್ಧರಿಸುವವರಿಗೆ ಇದು ಇಂದಿನ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ಮರಗಳಿಗೂ ಒಂದು ಬಗೆಯ ಜಾತಕವನ್ನು ಬರೆಯುತ್ತಾರೆ. ಅದನ್ನು ಬರೆಯುವ ಕ್ರಮವನ್ನೂ ಅದು ತಪ್ಪುವ ಬಗೆಯನ್ನೂ ನಾವು ಈಗ ನೋಡೋಣ.

ಮೊದಲು ಒಂದು ಸರಳ ಲೆಕ್ಕ. ಸಾವಿರ ಮೀಟರು ಮೇಲಕ್ಕೆ ಹೋದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ಸಿನಷ್ಟು ಇಳಿಯುತ್ತದೆ. ಎಂದರೆ ಒಂದು ಡಿಗ್ರಿಗೆ ಸುಮಾರು ನೂರೈವತ್ತು ಮೀಟರು. ಕೂಡ್ಲಿಗಿ ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರು ಎತ್ತರದಲ್ಲಿದೆ; ಅದರ ನೆರೆಯ ಸಂಡೂರು ಬೆಟ್ಟಸಾಲಿನ ರಾಮನದುರ್ಗ ಸುಮಾರು ೧೦೦೦ ಮೀಟರು. ಬಳ್ಳಾರಿಯ ದಂಡಿನ ಸೈನಿಕರಿಗಾಗಿ ಆಂಗ್ಲರು ಅಲ್ಲಿ ಆರೋಗ್ಯಧಾಮವನ್ನು ಮಾಡಿದ್ದುದು ಆ ತಂಪಿನ ಸಲುವಾಗಿಯೇ. ಆದರೆ ಬುಡಕ್ಕೂ ತುದಿಗೂ ಇರುವ ವ್ಯತ್ಯಾಸ ಎರಡೂವರೆ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೆ. ನಾಡು ಮೂರು ಡಿಗ್ರಿ ಬಿಸಿಯಾದರೆ ಇಂದಿನ ತಪ್ಪಲಿನ ಸೆಕೆಯನ್ನು ಮೀರಿದ ಸೆಕೆ ನೆತ್ತಿಯ ಮೇಲೇ ಇರುತ್ತದೆ. ಹಿಮಾಲಯದ ಮರಕ್ಕೆ ತಂಪನ್ನು ಅರಸಿ ಏರಲು ಇನ್ನೂ ಬೆಟ್ಟವುಂಟು. ನಮ್ಮ ಗುಡ್ಡದ ಮರಕ್ಕೆ ಇಲ್ಲ.

ಈ ಲೆಕ್ಕ ಭಯ ಹುಟ್ಟಿಸುವಂತಹುದಾದರೂ ಅರ್ಧ ಸತ್ಯ ಮಾತ್ರ. ಒಣನಾಡಿನಲ್ಲಿ ಮರದ ಅಳಿವು ಉಳಿವುಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀರು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೀಮೆಗಳ ಒಣಕಾಡಿನ ಕಮರವನ್ನೇ ನೋಡಿ. ಆಕಳ ಗೊರಸಿನಂತೆ ಎರಡಾಗಿ ಸೀಳಿದ ಎಲೆಯ ಈ ಮರದ ಸಸಿ, ಕಾಂಡ ಬೆಳೆಸುವ ಮೊದಲೇ ತಾಯಿಬೇರನ್ನು ಬಂಡೆಯ ಬಿರುಕಿನೊಳಗೆ ಆಳಕ್ಕೆ ಇಳಿಸುತ್ತದೆ. ಬೇರು ಇಳಿದ ಮೇಲೆ ಬೇಸಗೆಯ ಬಿಸಿಲನ್ನು ತಾಳಿಕೊಳ್ಳಬಲ್ಲದು. ಬೇರು ಇಳಿಯುವ ಮೊದಲ ಕೆಲವು ವರ್ಷಗಳೇ ಅದಕ್ಕೆ ಗಂಡಾಂತರ. ಆ ವರ್ಷಗಳಲ್ಲಿ ಮಳೆ ಯಾವ ತಿಂಗಳು ಬಂತು, ಎಷ್ಟು ದಿನ ತಡೆಯಿತು ಎಂಬುದು ವರ್ಷದ ಸರಾಸರಿ ಉಷ್ಣತೆಗಿಂತ ದೊಡ್ಡ ಮಾತು.

ಆದ್ದರಿಂದ ಜಾತಕ ಬರೆಯುವವರು ಉಷ್ಣತೆಯೊಂದನ್ನೇ ನಂಬುವುದಿಲ್ಲ. ಮರ ಕಂಡ ಜಾಗಗಳನ್ನೆಲ್ಲ ಭೂಪಟದಲ್ಲಿ ಗುರುತಿಸಿ, ಪ್ರತಿಯೊಂದು ಜಾಗದ ಸೆಕೆ, ಚಳಿ, ಮಳೆ, ಒಣತಿಂಗಳ ಕೊರತೆ ಮೊದಲಾದ ಹತ್ತೊಂಬತ್ತು ಅಳತೆಗಳನ್ನು ಕೂಡಿಸುತ್ತಾರೆ. ಇವು ಸುಮಾರು ಒಂದು ಕಿಲೋಮೀಟರಿನ ಚೌಕಗಳಾಗಿ ಇಡೀ ಜಗತ್ತಿಗೇ ದೊರೆಯುತ್ತವೆ. ಬಳಿಕ ಗಣಕಯಂತ್ರವು ಆ ಅಳತೆಗಳಿಗೆ ಒಪ್ಪುವ ಚೌಕಗಳನ್ನು, ಮೊದಲು ಇಂದಿನ ವಾಯುಗುಣದಲ್ಲಿ, ಅನಂತರ ಮುಂದಿನದರಲ್ಲಿ, ಹುಡುಕುತ್ತದೆ. ಇದಕ್ಕೆ ಬಹಳವಾಗಿ ಬಳಕೆಯಲ್ಲಿರುವ ‘ಮ್ಯಾಕ್ಸೆಂಟ್’ ವಿಧಾನವನ್ನು ಸ್ಟೀವನ್ ಫಿಲಿಪ್ಸ್ ಮತ್ತು ಸಂಗಡಿಗರು ೨೦೦೬ರಲ್ಲಿ ವಿವರಿಸಿದರು. ಅದರ ಮೂಲತತ್ತ್ವವನ್ನು ಭೌತವಿಜ್ಞಾನಿ ಜೇನ್ಸ್ ೧೯೫೭ರಲ್ಲೇ ಹೇಳಿದ್ದನು. ಸಾಕ್ಷಿ ಹೇಳಿದ್ದನ್ನು ಬಿಡಬಾರದು, ಹೇಳದಿದ್ದುದನ್ನು ಊಹಿಸಿ ಸೇರಿಸಲೂ ಬಾರದು: ಒಳ್ಳೆಯ ನ್ಯಾಯಾಧೀಶನ ಈ ನಡೆಯೇ ಆ ತತ್ತ್ವ.

ತೊಡಕಿರುವುದು ಸಾಕ್ಷಿಯಲ್ಲಿ. ಕೊಟ್ಟೂರಿನ ಹೊಲದಂಚಿನಲ್ಲಿ ಹುಣಸೆಮರ ಕಂಡರೆ ಅದು ತಾನಾಗಿ ಹುಟ್ಟಿದ್ದೋ, ಯಾರೋ ಹಿರಿಯರು ನೆಟ್ಟು ನೀರೆರೆದದ್ದೋ ಗಣಕಯಂತ್ರ ಬಲ್ಲುದೆ? ಹಡಗಲಿಯ ಬೋಳುಗುಡ್ಡದ ಮೇಲೆ ದಿಂಡಿಗ ಕಾಣದಿದ್ದರೆ ಅದನ್ನು ಅಳಿಸಿದ್ದು ವಾಯುಗುಣವೋ, ಕೊಡಲಿಯೋ? ಒಂದು ಕಿಲೋಮೀಟರಿನ ಚೌಕವೂ ಇಲ್ಲಿ ದೊಡ್ಡದೇ: ಕಾದ ಬಂಡೆಯ ನೆತ್ತಿಯನ್ನೂ, ಅದರ ಬುಡದ ನೆರಳಿನ ತೇವವನ್ನೂ ಅದು ಒಂದೇ ಸರಾಸರಿಗೆ ಇಳಿಸಿಬಿಡುತ್ತದೆ. ಹಳೆಯ ದಾಖಲೆಗಳತ್ತ ತಿರುಗಿದರೆ, ೧೯೫೩ರವರೆಗೆ ಈ ಸೀಮೆ ಮದರಾಸು ಆಡಳಿತದಲ್ಲಿದ್ದುದರಿಂದ ನಮಗೆ ಆಧಾರ ಗ್ಯಾಂಬಲ್ ೧೯೧೫ರಲ್ಲಿ ಆರಂಭಿಸಿದ ಮದರಾಸು ಪ್ರಾಂತದ ಸಸ್ಯಗ್ರಂಥ. ಅದು ಮರದ ನೆಲೆಯನ್ನು ಜಿಲ್ಲೆ, ಸೀಮೆಗಳ ಹೆಸರಿನಿಂದ ಹೇಳುತ್ತದೆಯೇ ಹೊರತು ಗುಡ್ಡದ ಇಂತಹ ಮಗ್ಗುಲು ಎಂದಲ್ಲ.

ಹಳೆಯ ಸಾಕ್ಷಿ ಎಷ್ಟು ಮೋಸಮಾಡಬಲ್ಲದೆಂಬುದಕ್ಕೆ ಹೊರದೇಶದ ಒಂದು ನಿದರ್ಶನವಿದೆ. ೧೮೦೨ರಲ್ಲಿ ಹಂಬೋಲ್ಟ್ ಮಹಾಶಯನು ದಕ್ಷಿಣ ಅಮೆರಿಕದ ಚಿಂಬೊರಾಸೊ ಪರ್ವತವನ್ನೇರಿ, ಯಾವ ಎತ್ತರದಲ್ಲಿ ಯಾವ ಸಸ್ಯವೆಂದು ಪ್ರಸಿದ್ಧವಾದ ಒಂದು ಚಿತ್ರವನ್ನು ಬರೆಸಿದನು. ಅಲ್ಲಿಯ ಸಸ್ಯಗಳು ಐನೂರು ಮೀಟರಿಗೂ ಮಿಗಿಲಾಗಿ ಮೇಲಕ್ಕೆ ಸರಿದಿವೆಯೆಂದು ೨೦೧೫ರಲ್ಲಿ ಪ್ರಕಟವಾಯಿತು. ೨೦೧೯ರಲ್ಲಿ ಬೇರೆ ವಿದ್ವಾಂಸರು ಆತನ ಬರಹಗಳನ್ನು ಕೆದಕಿ ನೋಡಿದಾಗ, ಚಿತ್ರದ ಎಷ್ಟೋ ಸಸ್ಯಗಳನ್ನು ಆತ ಕಂಡದ್ದು ಆಂಟಿಸಾನ ಎಂಬ ಬೇರೊಂದು ಬೆಟ್ಟದಲ್ಲಿ! ಸರಿಪಡಿಸಿದ ಲೆಕ್ಕದಲ್ಲಿ ಏರಿಕೆ ಇನ್ನೂರು ಚಿಲ್ಲರೆ ಮೀಟರಿಗೆ ಇಳಿಯಿತು.

ಇನ್ನೊಂದು ಜಾತಿಯ ಮಾದರಿಗಳು ಮರ ಕಂಡ ಜಾಗವನ್ನು ಕೇಳದೆ, ಎಲೆಯ ಉಸಿರಾಟ, ನೀರಿನ ಖರ್ಚು, ಬೆಳವಣಿಗೆಗಳನ್ನೇ ಲೆಕ್ಕ ಹಾಕುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರವೀಂದ್ರನಾಥ್ ಮತ್ತು ಸಂಗಡಿಗರು ೨೦೦೬ರಲ್ಲಿ ಇಂತಹ ಒಂದು ಮಾದರಿಯಿಂದ, ೨೦೮೫ರ ಹೊತ್ತಿಗೆ ಭಾರತದ ಅರಣ್ಯಚೌಕಗಳಲ್ಲಿ ನೂರಕ್ಕೆ ೬೮ರಿಂದ ೭೭ರಲ್ಲಿ ಕಾಡಿನ ಬಗೆಯೇ ಬದಲಾಗಬಹುದೆಂದು ಕಂಡರು. ಅದೇ ಸಂಸ್ಥೆಯಿಂದ ೨೦೧೧ರಲ್ಲಿ ಬಂದ ಅಧ್ಯಯನ, ವರ್ಷವರ್ಷದ ಹುಟ್ಟು ಸಾವುಗಳನ್ನು ಅನುಸರಿಸುವ ಬೇರೊಂದು ಮಾದರಿಯನ್ನು ಬಳಸಿ, ಶತಮಾನದ ಕೊನೆಗೆ ೩೪ರಿಂದ ೩೯ ಎಂದಿತು. ಎರಡಕ್ಕೂ ವಾಯುಗುಣದ ಮುನ್ನೋಟವನ್ನು ಒದಗಿಸಿದ್ದು ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರವೇ. ಮಾದರಿ ಬದಲಾದೊಡನೆ ಭವಿಷ್ಯ ಅರ್ಧಕ್ಕೆ ಇಳಿದುದನ್ನು ಕಂಡು ನಗುವವರುಂಟು. ನಮಗೆ ಇದು ಪ್ರಾಮಾಣಿಕತೆಯ ಗುರುತಾಗಿ ತೋರುತ್ತದೆ. ಎರಡರಲ್ಲಿ ಚಿಕ್ಕ ಸಂಖ್ಯೆಯನ್ನೇ ಹಿಡಿದರೂ ಮೂರರಲ್ಲೊಂದು ಪಾಲು ಕಾಡಿನ ಮಾತಾಯಿತು. ಆದರೆ ಆ ಮುನ್ನೋಟದ ಚೌಕ ಐವತ್ತು ಕಿಲೋಮೀಟರಿನದು. ನಮ್ಮ ಐದೂ ತಾಲ್ಲೂಕುಗಳು ಬೆರಳೆಣಿಕೆಯ ಚೌಕಗಳಲ್ಲಿ ಅಡಗಿಹೋಗುತ್ತವೆ. ಗುಡೇಕೋಟೆಯ ಗುಡ್ಡ ಅದರಲ್ಲಿ ಗುಡ್ಡವಾಗಿಯೇ ಉಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲು ಗುಡ್ಡಕ್ಕೇ ಹೋಗಬೇಕು, ಬಲಿತ ಮರವನ್ನೂ ಎಳೆಯ ಸಸಿಯನ್ನೂ ಬೇರೆಬೇರೆಯಾಗಿ ಎಣಿಸಬೇಕು. ಬಲಿತ ಕಮರ ಹೇಳುವುದು ತಾನು ಮೊಳೆತ ಹಿಂದಿನ ಕಾಲದ ಮಳೆಯ ಕಥೆ. ಮೊಣಕಾಲೆತ್ತರದ ಸಸಿ ಹೇಳುವುದು ಈಚಿನದು. ಬುಡದಲ್ಲಿ ಮುದಿಮರಗಳು ಮಾತ್ರ ಇದ್ದು ಸಸಿಗಳು ಮೇಲುಭಾಗದಲ್ಲೇ ಕಂಡರೆ ಕಾಡು ಏರತೊಡಗಿದೆಯೆಂದು ಸಂಶಯಪಡಬಹುದು. ಊರಿಗೆ ಹತ್ತಿರವಾದ ಬುಡದಲ್ಲಿ ಸಸಿಗಳನ್ನು ಮೇಕೆಗಳು ಮೇದಿರಲೂಬಹುದು. ಅದಕ್ಕೇ ಬುಡದಲ್ಲಿ ನಾಲ್ಕಾರು ಮಾರು ಜಾಗಕ್ಕೆ ಮುಳ್ಳುಬೇಲಿ ಹಾಕಿ ಕೆಲವು ಮಳೆಗಾಲ ಕಾದು ನೋಡಬೇಕಾಗುತ್ತದೆ: ಬೇಲಿಯೊಳಗೆ ಸಸಿ ಎದ್ದರೆ ತಪ್ಪು ಮೇಕೆಯದು, ಮೊಳೆತದ್ದು ಅಲ್ಲಿಯೂ ಒಣಗಿದರೆ ಮಳೆಯದೋ ಸೆಕೆಯದೋ.